ಸಂತಾನದ ಚಿಂತೆ: ಗಂಡಸರ ಊಟ ಮತ್ತು ದೇಹತೂಕ



ಸೇಡಂ ತಾಲೂಕಿನ ತಾಯಿಯೊಬ್ಬರು ಈ ಪುಟಕ್ಕೆ ಬರೆದ ಪತ್ರ ನಮ್ಮ ಮುಂದಿದೆ. ಮಗನ ಮದುವೆಯಾಗಿ ನಾಲ್ಕು ವರ್ಷ ಕಳೆದಿದೆ. ಸೊಸೆಯನ್ನು ಕಲಬುರಗಿಗೆ ಕರೆದೊಯ್ದು ರಕ್ತಪರೀಕ್ಷೆ, ಸ್ಕ್ಯಾನಿಂಗ್ ಎಲ್ಲವನ್ನೂ ಮಾಡಿಸಿದ್ದಾರೆ. ವೈದ್ಯರು ದೋಷವೇನೂ ಕಾಣುವುದಿಲ್ಲ ಎಂದಿದ್ದಾರೆ. ತೊಟ್ಟಿಲು ಅರ್ಪಿಸುವ ಹರಕೆಯೂ ಆಗಿದೆ. "ನಮ್ಮ ಸೊಸಿಗಿ ಏನರೆ ಪಥ್ಯ, ಔಷಧ ಇದ್ರ ದಯಮಾಡಿ ಬರೀರಿ" ಎಂಬುದು ಅವರ ವಿನಂತಿ. ಮಗನ ವಿಷಯ ಪತ್ರದಲ್ಲಿ ಒಂದೇ ಸಾಲಿನಲ್ಲಿ ಬಂದುಹೋಗುತ್ತದೆ: ಅವನು ಗಟ್ಟಿಮುಟ್ಟಾಗಿದ್ದಾನೆ, ಸಿಮೆಂಟ್ ಕಾರ್ಖಾನೆಯಲ್ಲಿ ಪಾಳಿಯ ಕೆಲಸ, ಮದುವೆಯ ನಂತರ ಊಟ ಮೈಗೆ ಹತ್ತಿ ತೊಂಬತ್ತು ಕಿಲೋ ದಾಟಿದ್ದಾನೆ, ಅವನಿಗೇನೂ ತೊಂದರೆಯಿಲ್ಲ.

ಈ ಸಂಚಿಕೆಯ ಲೇಖನ ಆ ಒಂದು ಸಾಲನ್ನು ಕುರಿತದ್ದು.

ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಯ ಕಡೆಯಿಂದ ಬರುವ ಭಕ್ತರ ಮಾತಿನಲ್ಲಿಯೂ ನಾವು ಇದನ್ನೇ ಕೇಳುತ್ತ ಬಂದಿದ್ದೇವೆ. ಮಕ್ಕಳಾಗದಿದ್ದರೆ ಹೆಣ್ಣುಮಗಳನ್ನು ಕರೆಯಲು ನಮ್ಮ ಭಾಷೆಯಲ್ಲಿ ಕಠೋರವಾದ ಶಬ್ದವೊಂದು ಸಿದ್ಧವಾಗಿ ಕುಳಿತಿದೆ. ಗಂಡಸಿಗೆ ಹಳ್ಳಿಯ ಬಾಯಲ್ಲಿ ಅಂಥ ಶಬ್ದವೇ ಇಲ್ಲ. ಶಬ್ದವಿಲ್ಲದ ಕಾರಣ ದೋಷವೂ ಇಲ್ಲವೆಂದು ನಾವೆಲ್ಲ ತಿಳಿದುಬಿಟ್ಟಿದ್ದೇವೆ. ವೈದ್ಯವಿಜ್ಞಾನದ ಲೆಕ್ಕ ಬೇರೆಯೇ ಇದೆ. ಸಂತಾನವಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಪ್ರಕರಣಗಳಲ್ಲಿ ಗಂಡಿನ ಕಡೆಯ ಕಾರಣವೂ ಸೇರಿರುತ್ತದೆ; ಕೆಲವರಲ್ಲಿ ಅದೊಂದೇ ಕಾರಣ, ಇನ್ನು ಕೆಲವರಲ್ಲಿ ಇಬ್ಬರದೂ. ವಿಶ್ವ ಆರೋಗ್ಯ ಸಂಸ್ಥೆಯು 2023ರಲ್ಲಿ ಪ್ರಕಟಿಸಿದ ವರದಿಯಂತೆ ಜಗತ್ತಿನಲ್ಲಿ ಆರು ಜನರಲ್ಲಿ ಒಬ್ಬರು ಜೀವಿತದ ಯಾವುದಾದರೊಂದು ಘಟ್ಟದಲ್ಲಿ ಈ ಚಿಂತೆಯನ್ನು ಅನುಭವಿಸುತ್ತಾರೆ. ಇದು ಯಾರೊಬ್ಬರ ಮನೆಯ ಶಾಪವೇನೂ ಅಲ್ಲ, ಬಹುಮಂದಿಗೆ ಬರುವ ಕಾಯಿಲೆ. ದಂಪತಿಗಳು ಯಾವ ತಡೆಯೂ ಇಲ್ಲದೆ ಕೂಡಿ ಬಾಳುತ್ತ ಹನ್ನೆರಡು ತಿಂಗಳಾದರೂ ಗರ್ಭ ನಿಲ್ಲದಿದ್ದರೆ ವೈದ್ಯರು ಇಬ್ಬರನ್ನೂ ಪರೀಕ್ಷಿಸಬೇಕೆಂಬುದು ನಿಯಮ. ಪತ್ನಿಗೆ ಮೂವತ್ತೈದು ದಾಟಿದ್ದರೆ ಆರು ತಿಂಗಳಷ್ಟೇ ಕಾಯಬೇಕು.

ಇಬ್ಬರನ್ನೂ ಎಂಬ ಮಾತನ್ನು ಒತ್ತಿ ಹೇಳುತ್ತೇವೆ. ಹೆಣ್ಣುಮಗಳ ಪರೀಕ್ಷೆಗಳು ಹಲವು, ಕೆಲವು ನೋವಿನವು, ಹೆಚ್ಚಿನವು ದುಬಾರಿ. ಗಂಡಿನ ಮೊದಲ ಪರೀಕ್ಷೆ ಒಂದೇ, ವೀರ್ಯಪರೀಕ್ಷೆ. ಅದರಲ್ಲಿ ಸೂಜಿಯಿಲ್ಲ, ನೋವಿಲ್ಲ, ಖರ್ಚೂ ಅಲ್ಪ. ಆದರೂ ನಮ್ಮ ಭಾಗದಲ್ಲಿ ಅದು ಕಟ್ಟಕಡೆಗೆ ಆಗುವ ಪರೀಕ್ಷೆ, ಅನೇಕ ಮನೆಗಳಲ್ಲಿ ಆಗದೆಯೇ ಉಳಿಯುವ ಪರೀಕ್ಷೆ. ಎರಡನೆಯ ಮದುವೆಯ ಮಾತು ಅದಕ್ಕೂ ಮೊದಲೇ ಹೊರಬೀಳುತ್ತದೆ. ಸೊಸೆಯನ್ನು ತವರಿಗೆ ಕಳುಹಿಸಿ, ಮಗನಿಗೆ ಇನ್ನೊಂದು ಹೆಣ್ಣು ತಂದು, ಆಕೆಗೂ ಮಕ್ಕಳಾಗದೆ ಎರಡು ಜೀವಗಳನ್ನು ಬೇಯಿಸಿದ ಮನೆಗಳು ನಮ್ಮ ಸೀಮೆಯಲ್ಲಿಲ್ಲವೆಂದು ಎದೆಮುಟ್ಟಿ ಹೇಳಬಲ್ಲವರು ಯಾರು?

ನಮ್ಮ ನಾಡಿನದೇ ಒಂದು ಅಧ್ಯಯನವನ್ನು ಇಲ್ಲಿ ನೆನೆಯಬೇಕು. ಮಣಿಪಾಲದ ಕಸ್ತೂರಬಾ ವೈದ್ಯಕೀಯ ಕಾಲೇಜಿನ ತಜ್ಞರು 1993ರಿಂದ 2005ರವರೆಗೆ ಪರೀಕ್ಷೆಗೆ ಬಂದ 7770 ಗಂಡಸರ ವೀರ್ಯಪರೀಕ್ಷೆಯ ದಾಖಲೆಗಳನ್ನು ಒಟ್ಟುಗೂಡಿಸಿ 2008ರಲ್ಲಿ ಪ್ರಕಟಿಸಿದರು. ಸಂತಾನಸಮಸ್ಯೆಯಿದ್ದವರಲ್ಲಿ ಆರಂಭದ ವರ್ಷಗಳಲ್ಲಿ ಒಂದು ಮಿಲಿಲೀಟರಿಗೆ ಸರಾಸರಿ 3 ಕೋಟಿ 80 ಲಕ್ಷದಷ್ಟಿದ್ದ ವೀರ್ಯಾಣುಗಳ ಸಂಖ್ಯೆ ಕೊನೆಯ ವರ್ಷಗಳಲ್ಲಿ 2 ಕೋಟಿ 66 ಲಕ್ಷದ ಸುಮಾರಿಗೆ ಇಳಿದಿತ್ತು. ಇವರು ತೊಂದರೆಯೆಂದು ಆಸ್ಪತ್ರೆಗೆ ಬಂದವರು, ಊರಿನ ಎಲ್ಲ ಗಂಡಸರ ಪ್ರತಿನಿಧಿಗಳಲ್ಲ. ಕಾರಣ ಇಂಥದ್ದೇ ಎಂದು ಆ ಲೆಕ್ಕ ಹೇಳುವುದೂ ಇಲ್ಲ. ಆದರೂ ಹನ್ನೆರಡು ವರ್ಷಗಳಲ್ಲಿ ಇಷ್ಟು ಇಳಿತವೆಂದರೆ ಬದುಕಿನ ರೀತಿಯತ್ತ ಕಣ್ಣು ಹಾಯಿಸದೆ ಗತ್ಯಂತರವಿಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯು 2019–21ರಲ್ಲಿ ಕಂಡುಕೊಂಡಂತೆ ದೇಶದ ಗಂಡಸರಲ್ಲಿ ನೂರಕ್ಕೆ ಸುಮಾರು 23 ಜನ ಅಧಿಕ ತೂಕದವರು, ಸುಮಾರು 16 ಜನ ಇರಬೇಕಾದ ತೂಕವೂ ಇಲ್ಲದವರು. ಈ ಎರಡೂ ಬಗೆಯವರು ನಮ್ಮ ತಾಲೂಕುಗಳಲ್ಲಿ ಅಕ್ಕಪಕ್ಕದ ಮನೆಗಳಲ್ಲಿಯೇ ಇದ್ದಾರೆ. ಒಬ್ಬ ಲಾರಿಯ ಮೇಲೆ, ಗಲ್ಲೆಯ ಮುಂದೆ, ಕಾರ್ಖಾನೆಯ ಖುರ್ಚಿಯಲ್ಲಿ ಕುಳಿತು ಹೊಟ್ಟೆ ಬೆಳೆಸಿಕೊಂಡವನು; ಇನ್ನೊಬ್ಬ ಫರ್ಸಿ ಕಲ್ಲಿನ ಗಣಿಯಲ್ಲಿ ಬರಿಯ ಚಹಾ, ತಂಬಾಕಿನ ಮೇಲೆ ದಿನ ನೂಕಿ ಸೊರಗಿದವನು.

ಬೊಜ್ಜು ಒಳಗೆ ಏನು ಮಾಡುತ್ತದೆ?

ಹೊಟ್ಟೆಯ ಕೊಬ್ಬು ಸುಮ್ಮನೆ ತುಂಬಿಟ್ಟ ಚೀಲವಲ್ಲ. ಅದು ಹಗಲಿರುಳು ಕೆಲಸ ಮಾಡುವ ಅಂಗ. ಗಂಡಸಿನ ವೃಷಣಗಳು ಟೆಸ್ಟೋಸ್ಟೆರಾನ್ ಎಂಬ ರಸವನ್ನು ಉತ್ಪಾದಿಸುತ್ತವೆ. ಕೊಬ್ಬಿನ ಕೋಶಗಳಲ್ಲಿರುವ ಕಿಣ್ವವೊಂದು ಅದನ್ನು ಈಸ್ಟ್ರೋಜನ್ ಆಗಿ, ಅಂದರೆ ಹೆಣ್ಣಿನ ದೇಹದಲ್ಲಿ ಪ್ರಧಾನವಾಗಿರುವ ರಸವಾಗಿ, ಮಾರ್ಪಡಿಸುತ್ತದೆ. ಸ್ವಲ್ಪ ಈಸ್ಟ್ರೋಜನ್ ಗಂಡಸಿಗೂ ಬೇಕು. ಕೊಬ್ಬು ಹೆಚ್ಚಿದಂತೆ ಅದು ಮಿತಿಮೀರುತ್ತದೆ. ಆಗ ಮಿದುಳು ಮೋಸಹೋಗುತ್ತದೆ. ಕೆರೆಯಲ್ಲಿ ನೀರು ಸಾಕಷ್ಟಿದೆ ಎಂದು ತಿಳಿದ ನೀರಗಂಟಿ ತೂಬನ್ನು ಮುಚ್ಚುವಂತೆ, ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯು ವೃಷಣಗಳಿಗೆ ಕಳುಹಿಸುವ ಆಜ್ಞೆಯನ್ನು ತಗ್ಗಿಸಿಬಿಡುತ್ತದೆ. ಆಜ್ಞೆ ಕ್ಷೀಣಿಸಿದರೆ ವೀರ್ಯಾಣುಗಳ ಉತ್ಪತ್ತಿಯೂ ಕ್ಷೀಣ. ಇತ್ತ ಬೊಜ್ಜಿನೊಡನೆ ಇನ್ಸುಲಿನ್ನಿನ ಕೆಲಸ ಕೆಡುತ್ತದೆ, ಕಾಲಕ್ರಮದಲ್ಲಿ ಸಕ್ಕರೆ ಕಾಯಿಲೆ ಬರುತ್ತದೆ. ಅದು ನರಗಳನ್ನೂ ರಕ್ತನಾಳಗಳನ್ನೂ ಕೆಡಿಸಿ ದಾಂಪತ್ಯದ ಶಕ್ತಿಯನ್ನೇ ಕುಂದಿಸುತ್ತದೆ. ರಾತ್ರಿ ಜೋರಾಗಿ ಗೊರಕೆ ಹೊಡೆದು ನಡುನಡುವೆ ಉಸಿರುಗಟ್ಟಿ ಏಳುವವರಲ್ಲಿ ಟೆಸ್ಟೋಸ್ಟೆರಾನ್ ಇನ್ನಷ್ಟು ಇಳಿಯುತ್ತದೆ, ಏಕೆಂದರೆ ಅದರ ಉತ್ಪತ್ತಿಗೆ ಒಳ್ಳೆಯ ನಿದ್ರೆ ಬೇಕು.

ಇನ್ನು ಕಾವಿನ ವಿಷಯ. ವೃಷಣಗಳು ದೇಹದ ಹೊರಗೆ ತೂಗಿರುವುದಕ್ಕೆ ಕಾರಣವಿದೆ. ವೀರ್ಯಾಣುಗಳು ಬೆಳೆಯಲು ದೇಹದ ಉಷ್ಣತೆಗಿಂತ ಎರಡರಿಂದ ನಾಲ್ಕು ಡಿಗ್ರಿ ಸೆಲ್ಸಿಯಸ್ ಕಡಿಮೆ ಉಷ್ಣತೆ ಬೇಕು. ತೊಡೆ, ಕಿಬ್ಬೊಟ್ಟೆಗಳಲ್ಲಿ ಕೊಬ್ಬು ತುಂಬಿದರೆ ಅವು ಕೌದಿ ಹೊದ್ದಂತಾಗುತ್ತವೆ. ನಮ್ಮ ಸೀಮೆಯಲ್ಲಿ ಏಪ್ರಿಲ್, ಮೇ ತಿಂಗಳ ಬಿಸಿಲು ನಲವತ್ತು ಡಿಗ್ರಿ ದಾಟುವುದು ಎಲ್ಲರ ಅನುಭವ. ಅದರ ಮೇಲೆ ಸಿಮೆಂಟಿನ ಕ್ಲಿಂಕರ್ ಬೇಯುವ ಗೂಡಿನ ಒಳಗಾವು ಸುಮಾರು 1450 ಡಿಗ್ರಿ. ಅದರ ಸಮೀಪದಲ್ಲಿ ಪಾಳಿ ಮಾಡುವವರು, ಎಂಜಿನ್ನಿನ ಬಿಸಿಯ ಮೇಲೆ ಹತ್ತು ತಾಸು ಕುಳಿತು ಸಿಮೆಂಟ್ ಸಾಗಿಸುವ ಲಾರಿ ಚಾಲಕರು ಹೊರಗಿನ ಕಾವನ್ನೂ ಒಳಗಿನ ಕೊಬ್ಬನ್ನೂ ಒಟ್ಟಿಗೆ ಹೊರುತ್ತಾರೆ. ಕೆಲಸ ಬಿಡಿ ಎಂದು ಹೇಳುವ ಧೈರ್ಯ ನಮಗಿಲ್ಲ, ಕಾಯಕ ಬಿಟ್ಟವನ ಮನೆ ನಡೆಯುವುದಾದರೂ ಹೇಗೆ? ಬಿಗಿಯಾದ ಸಿಂಥೆಟಿಕ್ ಒಳಉಡುಪಿನ ಬದಲು ಸಡಿಲವಾದ ನೂಲಿನ ಬಟ್ಟೆ, ತಾಸಿಗೊಮ್ಮೆ ಎದ್ದು ನಾಲ್ಕು ಹೆಜ್ಜೆ, ಸಾಕಷ್ಟು ನೀರು, ಪಾಳಿ ಮುಗಿದ ಕೂಡಲೆ ತಣ್ಣೀರ ಸ್ನಾನ; ಇಷ್ಟನ್ನು ಯಾರೂ ಮಾಡಬಹುದು. ಹೊಲದಲ್ಲಿ ತೊಗರಿಗೆ ಔಷಧ ಹೊಡೆಯುವವರು ಮೂಗುಬಾಯಿಗೆ ಬಟ್ಟೆ, ಕೈಗೆ ಗವಸು ಇಲ್ಲದೆ ಪಂಪು ಹೊರಬಾರದು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಡಿಬಿಸಿಪಿ ಎಂಬ ಮಣ್ಣಿನ ಕೀಟನಾಶಕವನ್ನು ತಯಾರಿಸುತ್ತಿದ್ದ ಕಾರ್ಖಾನೆಯ ಕೆಲಸಗಾರರು ತಮಗಾರಿಗೂ ಮಕ್ಕಳಾಗುತ್ತಿಲ್ಲವೆಂದು ಪರಸ್ಪರ ಮಾತಾಡಿಕೊಂಡಾಗಲೇ 1977ರಲ್ಲಿ ಆ ರಾಸಾಯನಿಕದ ಕೇಡು ಬಯಲಿಗೆ ಬಂದದ್ದು. ಗಂಡಸರು ಈ ವಿಷಯವನ್ನು ಬಾಯಿಬಿಟ್ಟು ಮಾತಾಡಿದ್ದರಿಂದ ಆದ ಉಪಕಾರವದು.

ತೂಕಕ್ಕೂ ವೀರ್ಯಾಣುಗಳ ಸಂಖ್ಯೆಗೂ ನಿಜವಾಗಿ ಎಷ್ಟು ನಂಟು? ಫ್ರಾನ್ಸಿನ ಸಂಶೋಧಕರು 21 ಅಧ್ಯಯನಗಳ 13 ಸಾವಿರಕ್ಕೂ ಹೆಚ್ಚು ಗಂಡಸರ ವಿವರಗಳನ್ನು ಕೂಡಿಸಿ 2013ರಲ್ಲಿ ಲೆಕ್ಕ ಹಾಕಿದರು. ತೂಕ ಸರಿಯಿದ್ದವರಿಗೆ ಹೋಲಿಸಿದರೆ ಅಧಿಕ ತೂಕದವರಲ್ಲಿ ವೀರ್ಯಾಣುಗಳು ಕಡಿಮೆಯಿರುವ ಅಥವಾ ಇಲ್ಲವೇ ಇಲ್ಲದಿರುವ ಸಂಭವ ಸ್ವಲ್ಪ ಹೆಚ್ಚು, ಬೊಜ್ಜಿನವರಲ್ಲಿ ಇನ್ನಷ್ಟು ಹೆಚ್ಚು, ಅತಿ ಬೊಜ್ಜಿನವರಲ್ಲಿ ಹೆಚ್ಚು ಕಡಿಮೆ ಎರಡು ಪಟ್ಟು ಎಂದು ಕಂಡುಬಂತು. ತೀರ ಬಡಕಲಾದವರಲ್ಲಿಯೂ ಏರಿಕೆಯ ಸುಳಿವಿತ್ತು, ಅದು ಅಷ್ಟು ಖಚಿತವಲ್ಲ. ನಮ್ಮ ಪ್ರಾಚೀನರು ಇದನ್ನು ಅರಿಯದವರೇನಲ್ಲ. ಚರಕಸಂಹಿತೆಯ ಸೂತ್ರಸ್ಥಾನದ 21ನೆಯ ಅಧ್ಯಾಯವು ಅತಿಸ್ಥೂಲನಿಗೆ ಎಂಟು ದೋಷಗಳನ್ನು ಹೇಳುವಾಗ ದಾಂಪತ್ಯಸುಖಕ್ಕೆ ಒದಗುವ ಕಷ್ಟವನ್ನೂ ಅವುಗಳಲ್ಲಿ ಎಣಿಸಿದೆ; ಅತಿಕೃಶನನ್ನೂ ಅದೇ ಅಧ್ಯಾಯ ನಿಂದಿತರ ಸಾಲಿನಲ್ಲಿಯೇ ಇರಿಸಿದೆ.

ನಿಮ್ಮ ತೂಕ ಯಾವ ಸಾಲಿನದೆಂದು ಮನೆಯಲ್ಲಿಯೇ ತಿಳಿಯಬಹುದು. ಕಿಲೋದಲ್ಲಿ ತೂಕವನ್ನು ಬರೆದುಕೊಳ್ಳಿರಿ. ಎತ್ತರವನ್ನು ಮೀಟರಿನಲ್ಲಿ ಅಳೆದು ಆ ಸಂಖ್ಯೆಯನ್ನು ಅದರಿಂದಲೇ ಗುಣಿಸಿ, ಬಂದದ್ದರಿಂದ ತೂಕವನ್ನು ಭಾಗಿಸಿರಿ. ಐದೂವರೆ ಅಡಿಯ, ಅಂದರೆ 1.68 ಮೀಟರ್ ಎತ್ತರದ, 78 ಕಿಲೋ ತೂಗುವ ಗಂಡಸಿಗೆ ಈ ಸೂಚ್ಯಂಕ 27.6 ಬರುತ್ತದೆ. ಭಾರತೀಯರಿಗೆ 23ರಿಂದ ಮೇಲೆ ಅಧಿಕ ತೂಕ, 25ರಿಂದ ಮೇಲೆ ಬೊಜ್ಜು ಎಂದು ನಮ್ಮ ದೇಶದ ತಜ್ಞರು ಗೊತ್ತುಮಾಡಿದ್ದಾರೆ, ಏಕೆಂದರೆ ಮೈ ತೆಳ್ಳಗೆ ಕಂಡರೂ ನಮ್ಮವರ ಕೊಬ್ಬೆಲ್ಲ ಹೊಟ್ಟೆಯಲ್ಲಿಯೇ ಕೂಡುತ್ತದೆ. ಅದೇ ಎತ್ತರದವನು 65 ಕಿಲೋ ಒಳಗಿದ್ದರೆ ಸರಿ, 52ಕ್ಕಿಂತ ಕೆಳಗಿದ್ದರೆ ಕಡಿಮೆ. ಲೆಕ್ಕ ಬೇಡವೆನಿಸಿದರೆ ಒಂದು ಟೇಪು ಸಾಕು: ಗಂಡಸಿನ ಸೊಂಟದ ಸುತ್ತಳತೆ 90 ಸೆಂಟಿಮೀಟರ್ ದಾಟಬಾರದು. ಪ್ಯಾಂಟಿನ ಅಳತೆಯನ್ನು ನಂಬಬೇಡಿರಿ, ನಾವು ಅದನ್ನು ಹೊಟ್ಟೆಯ ಕೆಳಗೆ ಕಟ್ಟುತ್ತೇವೆ. ಟೇಪು ಹೊಕ್ಕುಳ ಮಟ್ಟದಲ್ಲಿ ಸುತ್ತಬೇಕು.

ಹೆಸರು ಬೆಳೆಯಷ್ಟೇ ಕಾಲ

ಇಲ್ಲಿಯವರೆಗೆ ಓದಿ ನಿರಾಶರಾದವರಿಗೆ ಸಮಾಧಾನದ ಸಂಗತಿಯೊಂದಿದೆ. ಹೆಣ್ಣು ತನ್ನ ಅಂಡಗಳನ್ನು ಹುಟ್ಟುವಾಗಲೇ ಪಡೆದು ಬರುತ್ತಾಳೆ. ಗಂಡಸು ಮಾತ್ರ ವೀರ್ಯಾಣುಗಳನ್ನು ದಿನವೂ ಹೊಸದಾಗಿ ಬೆಳೆಯುತ್ತಾನೆ. ಒಂದು ವೀರ್ಯಾಣು ಮೊಳೆತು ರೂಪುಗೊಳ್ಳಲು ಸುಮಾರು 74 ದಿನ, ಅನಂತರ ನಾಳದಲ್ಲಿ ಸಾಗಿ ಪಕ್ವವಾಗಲು ಇನ್ನೂ ಒಂದೆರಡು ವಾರ. ನಮ್ಮ ಎರೆಹೊಲದ ಹೆಸರು ಬೆಳೆ ಬಿತ್ತಿದ ಮೇಲೆ ಕೈಗೆ ಬರುವಷ್ಟೇ ಕಾಲ. ಇಂದು ಪರೀಕ್ಷೆಯಲ್ಲಿ ಕಾಣುವುದು ಮೂರು ತಿಂಗಳ ಹಿಂದಿನ ಊಟ, ನಿದ್ರೆ, ಜ್ವರಗಳ ಫಲ. ಆದಕಾರಣ ಡೆಂಗ್ಯೂ, ಟೈಫಾಯಿಡ್‌ನಂಥ ತೀವ್ರ ಜ್ವರ ಬಂದುಹೋದವರು ಎರಡು ತಿಂಗಳಲ್ಲಿ ಪರೀಕ್ಷೆ ಮಾಡಿಸಿ ಸಂಖ್ಯೆ ತೀರ ಕಡಿಮೆ ಬಂತೆಂದು ಎದೆ ಒಡೆದುಕೊಳ್ಳಬಾರದು, ಮತ್ತೊಮ್ಮೆ ಮಾಡಿಸಬೇಕು. ಇಂದು ಆರಂಭಿಸಿದ ಪಥ್ಯದ ಫಲವೂ ಮುಂದಿನ ತಿಂಗಳು ಕಾಣುವುದಿಲ್ಲ, ಮೂರು ತಿಂಗಳಿಗೆ ಕಾಣುತ್ತದೆ.

ತೂಕ ಇಳಿದರೆ ಬೆಳೆ ಸುಧಾರಿಸುತ್ತದೆಯೇ? ಡೆನ್ಮಾರ್ಕಿನಲ್ಲಿ ಬೊಜ್ಜಿದ್ದ 56 ಗಂಡಸರಿಗೆ ವೈದ್ಯರ ಕಣ್ಣೆದುರು ಎಂಟು ವಾರ ಅತ್ಯಲ್ಪ ಆಹಾರ ಕೊಟ್ಟು ಸರಾಸರಿ 16 ಕಿಲೋಗೂ ಹೆಚ್ಚು ತೂಕ ಇಳಿಸಲಾಯಿತು. ಅವರ ವೀರ್ಯಾಣುಗಳ ಸಾಂದ್ರತೆ ಹೆಚ್ಚು ಕಡಿಮೆ ಒಂದೂವರೆ ಪಟ್ಟಾಯಿತು. 2022ರಲ್ಲಿ ಪ್ರಕಟವಾದ ಈ ಅಧ್ಯಯನದ ಮುಖ್ಯ ಪಾಠ ಬೇರೆ: ಒಂದು ವರ್ಷ ಆ ತೂಕವನ್ನು ಕಾಯ್ದುಕೊಂಡವರಲ್ಲಿ ಮಾತ್ರ ಸುಧಾರಣೆ ಉಳಿಯಿತು, ಮತ್ತೆ ಉಬ್ಬಿದವರಲ್ಲಿ ಹೋಯಿತು. ಆ ಕಠಿಣ ಪಥ್ಯವನ್ನು ಯಾರೂ ಮನೆಯಲ್ಲಿ ಅನುಕರಿಸಬಾರದು. ತಿಂಗಳಿಗೆ ಎರಡು ಕಿಲೋದಂತೆ ನಿಧಾನವಾಗಿ ಇಳಿಸಿದರೆ ಸಾಕು. ತೂಕ ಇಳಿದ ಎಲ್ಲರಿಗೂ ಮಕ್ಕಳಾಗುತ್ತವೆ ಎಂಬ ಭರವಸೆಯನ್ನು ನಾವು ಕೊಡಲಾರೆವು. ವೃಷಣದ ರಕ್ತನಾಳಗಳು ಉಬ್ಬಿರುವುದು, ಹರೆಯದಲ್ಲಿ ಗದ್ದಕಟ್ಟು ಬಂದು ವೃಷಣಕ್ಕೆ ಇಳಿದಿದ್ದದ್ದು, ನಾಳ ಕಟ್ಟಿರುವುದು, ಹುಟ್ಟಿನಿಂದ ಬಂದ ದೋಷ. ಇವುಗಳಿಗೆ ಊಟ ಮದ್ದಲ್ಲ, ವೈದ್ಯರೇ ಬೇಕು.

ನಮ್ಮ ತಟ್ಟೆ

ಊಟದ ವಿಷಯಕ್ಕೆ ಬಂದಾಗ ಕಲಬುರಗಿ ಸೀಮೆಯವರಿಗೆ ಹೊರಗಿನಿಂದ ಏನನ್ನೂ ತರಿಸುವ ಅಗತ್ಯವಿಲ್ಲ ಎಂಬುದೇ ನಮ್ಮ ಅಭಿಪ್ರಾಯ. ಎಳ್ಳಮಾಸೆಯ ದಿನ ಹೊಲಕ್ಕೆ ಹೊತ್ತೊಯ್ಯುವ ಬುತ್ತಿಯನ್ನು ನೆನಪಿಸಿಕೊಳ್ಳಿರಿ. ಸಜ್ಜೆ ರೊಟ್ಟಿ, ಜೋಳದ ಅಂಬಲಿ, ಹಸಿ ತೊಗರಿ, ಅವರೆ, ಕಡಲೆ, ಮೆಂತ್ಯ, ಗಜ್ಜರಿ, ಬದನೆ ಎಲ್ಲವೂ ಕೂಡಿದ ಭಜ್ಜಿ, ಶೇಂಗಾ ಹಿಂಡಿ, ಅಗಸಿ ಹಿಂಡಿ. ಜಗತ್ತಿನ ಆಹಾರತಜ್ಞರು ಫಲವಂತಿಕೆಗೆ ಹಿತವೆಂದು ಹೇಳುವ ಸಿಪ್ಪೆಸಹಿತ ಧಾನ್ಯ, ಬೇಳೆಕಾಳು, ಸೊಪ್ಪು, ಕಾಯಿಪಲ್ಯ, ಎಣ್ಣೆಬೀಜಗಳು ಆ ಒಂದು ಬುತ್ತಿಯಲ್ಲಿವೆ. ದುಃಖದ ಸಂಗತಿಯೆಂದರೆ ಅದು ಈಗ ವರ್ಷಕ್ಕೊಮ್ಮೆಯ ಊಟವಾಗಿದೆ. ಉಳಿದ ದಿನ ಮುಂಜಾನೆ ಸುಸಲಾದ ಜೊತೆಗೆ ಮಿರ್ಚಿ ಭಜಿ, ಮಧ್ಯಾಹ್ನ ರಾಶಿ ಅನ್ನದ ಮೇಲೆ ತೆಳ್ಳನೆಯ ಸಾರು, ಸಂಜೆ ಸಕ್ಕರೆ ಜಾಸ್ತಿಯ ಚಹಾದಲ್ಲಿ ಅದ್ದಿದ ಖಾರಿ, ಪಾಳಿಯ ನಡುವೆ ತಂಪು ಪಾನೀಯದ ಬಾಟಲಿ.

ಜೋಳಕ್ಕೂ ಅಕ್ಕಿಗೂ ಇರುವ ಅಂತರವನ್ನು ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ 2017ರ ಕೋಷ್ಟಕದಲ್ಲಿ ನೋಡಬಹುದು. ನೂರು ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರಿನಂಶ. ಪಾಲಿಶ್ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ನಾರಿನಂಶವಿದ್ದ ಊಟ ಬೇಗ ಹೊಟ್ಟೆ ತುಂಬಿಸುತ್ತದೆ, ರಕ್ತದ ಸಕ್ಕರೆಯನ್ನು ನಿಧಾನವಾಗಿ ಏರಿಸುತ್ತದೆ. ಎರಡು ರೊಟ್ಟಿ ತಿಂದವನು ಏಳುತ್ತಾನೆ. ಅನ್ನಕ್ಕೆ ಕುಳಿತವನು ಮತ್ತೆ ಬಡಿಸಿಕೊಳ್ಳುತ್ತಾನೆ. ಅಕ್ಕಿಯನ್ನು ಬಿಡಬೇಕೆಂದಲ್ಲ, ಪಡಿತರದ ಅಕ್ಕಿ ಎಷ್ಟೋ ಮನೆಗಳ ಹಸಿವನ್ನು ನೀಗಿಸಿದೆ. ಅನ್ನ ಒಂದು ಹೊತ್ತಿಗೆ, ಅದೂ ತಟ್ಟೆಯ ಕಾಲು ಭಾಗಕ್ಕೆ ನಿಲ್ಲಲಿ. ಅರ್ಧ ತಟ್ಟೆ ಪುಂಡಿಪಲ್ಯ, ಮೆಂತ್ಯ, ರಾಜಗಿರಿ, ಹಸಿ ಸೌತೆ, ಉಳ್ಳಾಗಡ್ಡಿ, ಗಜ್ಜರಿಗಳಿಗೆ ಇರಲಿ. ಉಳಿದ ಕಾಲು ಭಾಗ ನಮ್ಮ ತೊಗರಿಗೆ. 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ತೊಗರಿ ಬೆಳೆಯುವ ನಾಡಿನವರು ಬೇಳೆಯನ್ನೆಲ್ಲ ಮಾರಿ ತಾವು ನೀರುಸಾರು ಉಣ್ಣುವುದು ಎಲ್ಲಿಯ ನ್ಯಾಯ? ನೂರು ಗ್ರಾಂ ತೊಗರಿಬೇಳೆಯಲ್ಲಿ 20 ಗ್ರಾಂಗೂ ಮಿಕ್ಕಿ ಪ್ರೋಟೀನಿದೆ, ಕೋಶಗಳು ಹೊಸದಾಗಿ ಹುಟ್ಟಲು ಬೇಕಾದ ಫೋಲೇಟ್ ಇದೆ. ಸೊರಗಿದ ದೇಹದವರಿಗೂ ಇದೇ ತಟ್ಟೆ. ಅವರು ಬೇಳೆಯನ್ನೂ ಶೇಂಗಾವನ್ನೂ ಹಾಲುಮೊಸರನ್ನೂ ಹೆಚ್ಚಿಸಿಕೊಳ್ಳಬೇಕು, ಹೊಟ್ಟೆಯನ್ನು ಚಹಾ ಕುಡಿದು ಮಲಗಿಸಬಾರದು.

ಅಕ್ರೋಟು ತಿಂದರೆ ಒಳ್ಳೆಯದೆಂದು ಮೊಬೈಲಿನಲ್ಲಿ ನೋಡಿದೆವು ಎಂದು ಕೆಲವು ತರುಣರು ಕೇಳುತ್ತಾರೆ. ಅದರಲ್ಲಿ ಸತ್ಯವಿದೆ. ಅಮೆರಿಕದಲ್ಲಿ 2012ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಹನ್ನೆರಡು ವಾರ ದಿನಕ್ಕೆ 75 ಗ್ರಾಂ ಅಕ್ರೋಟು ತಿಂದ ಆರೋಗ್ಯವಂತ ತರುಣರ ವೀರ್ಯಾಣುಗಳ ಚಲನೆ, ರೂಪ ಸುಧಾರಿಸಿದ್ದವು. ಆದರೆ ದಿನಕ್ಕೆ 75 ಗ್ರಾಂ ಅಕ್ರೋಟು ಕೊಳ್ಳುವ ಶಕ್ತಿ ಎಷ್ಟು ಜನಕ್ಕಿದೆ? ಅಕ್ರೋಟಿನಲ್ಲಿರುವ ಒಮೆಗಾ-3 ಬಗೆಯ ಕೊಬ್ಬೇ ನಮ್ಮ ಅಗಸೆಯಲ್ಲಿಯೂ ಧಾರಾಳವಾಗಿದೆ. ಅಗಸೆಯ ಮೇಲೆ ಅಂಥದೇ ಪ್ರಯೋಗ ನಡೆದು ಸಿದ್ಧವಾಗಿದೆಯೆಂದು ನಾವು ಹೇಳುತ್ತಿಲ್ಲ. ಹುರಿದು ಕುಟ್ಟಿದ ಅಗಸಿ ಹಿಂಡಿ ರೊಟ್ಟಿಯೊಡನೆ ದಿನವೂ ಎರಡು ಚಮಚ ಇರುವುದರಿಂದ ನಷ್ಟವಂತೂ ಇಲ್ಲ. ಸಸ್ಯಾಹಾರಿಗಳಾದ ನಮ್ಮವರು ಗಮನಿಸಬೇಕಾದದ್ದು ಬಿ-12 ಜೀವಸತ್ವ. ಅದು ಸೊಪ್ಪುಕಾಳುಗಳಲ್ಲಿ ಸಿಗುವುದಿಲ್ಲ, ಹಾಲು, ಮೊಸರು, ಮಜ್ಜಿಗೆಯಿಂದಲೇ ಬರಬೇಕು. ಕೈಕಾಲು ಜೋಮು, ಸುಸ್ತು ಇದ್ದವರು ರಕ್ತದಲ್ಲಿ ಅದನ್ನು ನೋಡಿಸಿಕೊಳ್ಳುವುದು ಒಳಿತು. ಕಾಳುಗಳಲ್ಲಿರುವ ಸತುವು ಮೈಗೆ ಹತ್ತಬೇಕಾದರೆ ಮೊಳಕೆ ಕಟ್ಟಿಸಿ ತಿನ್ನಬೇಕು. ಹುಳಿಬರಿಸಿದ ಅಂಬಲಿಯಿಂದಲೂ ಅದೇ ಪ್ರಯೋಜನ.

ದೂರವಿಡಬೇಕಾದವುಗಳಲ್ಲಿ ಮೊದಲನೆಯದು ಮತ್ತೆ ಮತ್ತೆ ಕಾಯಿಸಿದ ಕಪ್ಪೆಣ್ಣೆಯ ಕರಿದ ಪದಾರ್ಥ, ಡಾಲ್ಡಾ ಹಾಕಿದ ಬೇಕರಿ ತಿನಿಸು. ಇವುಗಳಲ್ಲಿರುವ ಟ್ರಾನ್ಸ್ ಕೊಬ್ಬು ಹೆಚ್ಚು ತಿಂದ ತರುಣರಲ್ಲಿ ವೀರ್ಯಾಣುಗಳ ಸಂಖ್ಯೆ ಕಡಿಮೆಯಿದ್ದುದು ಸ್ಪೇನಿನ ಅಧ್ಯಯನವೊಂದರಲ್ಲಿ ಕಂಡಿದೆ. ನಮ್ಮ ಸರ್ಕಾರವೂ 2022ರಿಂದ ಎಣ್ಣೆಕೊಬ್ಬುಗಳಲ್ಲಿ ಇದನ್ನು ನೂರಕ್ಕೆ 2ಕ್ಕೆ ಮಿತಿಗೊಳಿಸಿದೆ, ಆದರೆ ರಸ್ತೆಬದಿಯ ಬಾಣಲೆಯನ್ನು ಅಳೆಯುವವರು ಯಾರು? ಗುಟ್ಕಾ, ಬೀಡಿ, ಸೆರೆಗಳ ವಿಷಯ ಈ ಪುಟದಲ್ಲಿ ಅನೇಕ ಸಲ ಬರೆದಿದ್ದೇವೆ. ವೀರ್ಯಾಣುಗಳಿಗೂ ಅವು ವೈರಿಗಳೆಂದಷ್ಟೇ ಹೇಳಿ ಮುಂದೆ ಹೋಗುತ್ತೇವೆ.

ಜಾತ್ರೆ, ದಾಸೋಹದ ಪ್ರಸಾದದ ಬಗ್ಗೆ ಸಂಕೋಚದಿಂದಲೇ ಒಂದು ಮಾತು. ಪ್ರಸಾದವನ್ನು ಬಿಸಾಡುವುದು ನಮ್ಮಲ್ಲಿಲ್ಲ. ಆದ್ದರಿಂದ ಬಡಿಸಿದ್ದನ್ನೆಲ್ಲ ಕಷ್ಟಪಟ್ಟಾದರೂ ಮುಗಿಸುತ್ತೇವೆ. ಹುಗ್ಗಿಯ ಬಕೀಟು ಎರಡನೆಯ ಸಲ ಬಂದಾಗ ಬಡಿಸುವವರು ಒತ್ತಾಯಿಸುವುದೂ ಪ್ರೀತಿಯಿಂದಲೇ. ಮೊದಲೇ ಕೈ ಅಡ್ಡ ಹಿಡಿದು ಸ್ವಲ್ಪ ನೀಡಿಸಿಕೊಳ್ಳುವುದರಲ್ಲಿ ಯಾವ ಅಪಚಾರವೂ ಇಲ್ಲ. ಬಡಿಸುವ ಬಂಧುಗಳೂ ಕೇಳಿ ನೀಡಲಿ.

ಪುಡಿ, ಗುಳಿಗೆ, ಇಂಜೆಕ್ಷನ್

ಬಸ್ ನಿಲ್ದಾಣಗಳ ಗೋಡೆಯ ಮೇಲೆ, ರಸ್ತೆಬದಿಯ ಡೇರೆಗಳ ಮುಂದೆ ಗುಪ್ತರೋಗದ ಫಲಕಗಳನ್ನು ಎಲ್ಲರೂ ನೋಡಿದ್ದೀರಿ. ಆಸ್ಪತ್ರೆಗೆ ಹೋಗಲು ನಾಚುವ ಗಂಡಸು ಕತ್ತಲಲ್ಲಿ ಅಲ್ಲಿಗೆ ಹೋಗಿ ಸಾವಿರಾರು ರೂಪಾಯಿ ಕೊಟ್ಟು ಬರುತ್ತಾನೆ. ಹೆಸರಿಲ್ಲದ ಆ ಪುಡಿಗಳಲ್ಲಿ ಏನಿದೆಯೆಂದು ಕೊಡುವವನೂ ಹೇಳಲಾರ. ಪದವೀಧರ ಆಯುರ್ವೇದ ವೈದ್ಯರು ನಾಡಿ ನೋಡಿ ಕೊಡುವ ಔಷಧದ ಮಾತು ಬೇರೆ. ನಾವು ಹೇಳುತ್ತಿರುವುದು ಡೇರೆಯ ವಿಷಯ. ಸತು, ಫೋಲಿಕ್ ಆಮ್ಲದ ಗುಳಿಗೆಗಳನ್ನು ನುಂಗಿದರೆ ಸಾಕೆಂದು ನಂಬಿದವರೂ ಇದ್ದಾರೆ. ಅಮೆರಿಕದಲ್ಲಿ 2370 ದಂಪತಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ ಆರು ತಿಂಗಳು ಈ ಗುಳಿಗೆ ತೆಗೆದುಕೊಂಡ ಗಂಡಸರಿಗೂ ಬರಿಯ ಹುಸಿಗುಳಿಗೆ ತೆಗೆದುಕೊಂಡವರಿಗೂ ಹುಟ್ಟಿದ ಮಕ್ಕಳ ಲೆಕ್ಕದಲ್ಲಿ ವ್ಯತ್ಯಾಸ ಬರಲಿಲ್ಲ. ಗುಳಿಗೆಯವರಿಗೆ ಹೊಟ್ಟೆಯ ತೊಂದರೆ ಮಾತ್ರ ಹೆಚ್ಚಾಯಿತು. ತಟ್ಟೆಯಲ್ಲಿ ಬರಬೇಕಾದದ್ದು ಡಬ್ಬಿಯಲ್ಲಿ ಬರಲೊಲ್ಲದು.

ಇದಕ್ಕಿಂತ ಅಪಾಯದ ಸಂಗತಿ ಈಗ ವ್ಯಾಯಾಮಶಾಲೆಗಳಿಂದ ಬರುತ್ತಿದೆ. ಮೈಕಟ್ಟು ಬೇಗ ಬರಲೆಂದು ಟೆಸ್ಟೋಸ್ಟೆರಾನ್ ಅಥವಾ ಅಂಥ ಸ್ಟಿರಾಯ್ಡ್ ಇಂಜೆಕ್ಷನ್ ಚುಚ್ಚಿಸಿಕೊಳ್ಳುವ ತರುಣರಿದ್ದಾರೆ. ಗಂಡಸುತನದ ರಸವನ್ನೇ ಕೊಟ್ಟರೆ ಸಂತಾನಶಕ್ತಿ ಹೆಚ್ಚಬೇಕಲ್ಲವೇ ಎಂದು ಕೇಳಬಹುದು. ಆಗುವುದು ಇದಕ್ಕೆ ವಿರುದ್ಧ. ಹೊರಗಿನಿಂದ ಬಂದ ರಸವನ್ನು ಕಂಡು ಮಿದುಳು, ನಾವು ಮೇಲೆ ಹೇಳಿದ ನೀರಗಂಟಿಯಂತೆ, ತೂಬನ್ನು ಪೂರ್ತಿ ಮುಚ್ಚುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು 1990ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ವಾರಕ್ಕೊಂದು ಟೆಸ್ಟೋಸ್ಟೆರಾನ್ ಇಂಜೆಕ್ಷನ್ ಕೊಟ್ಟು ಅದನ್ನು ಗಂಡಸರ ಗರ್ಭನಿರೋಧಕವಾಗಿಯೇ ಪರೀಕ್ಷಿಸಲಾಗಿತ್ತು. ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಆರು ತಿಂಗಳೊಳಗೆ ವೀರ್ಯಾಣುಗಳು ಪೂರ್ಣ ಇಲ್ಲವಾದವು. ನಿಲ್ಲಿಸಿದರೆ ಬಹುತೇಕ ಮಂದಿಗೆ ಮರಳಿ ಬರುತ್ತವೆ, ಆದರೆ ತಿಂಗಳುಗಳೇ ಹಿಡಿಯುತ್ತವೆ, ಕೆಲವರಿಗೆ ವರ್ಷ ಮೀರುತ್ತದೆ. ಮಗನ ತೋಳು ದಪ್ಪವಾಯಿತೆಂದು ಹಿಗ್ಗುವ ತಂದೆತಾಯಿಗಳು ಅದು ರೊಟ್ಟಿಯಿಂದ ಬಂದದ್ದೋ ಸೂಜಿಯಿಂದ ಬಂದದ್ದೋ ಕೇಳಿ ತಿಳಿಯಬೇಕು. ವೈದ್ಯರ ಬಳಿ ಹೋದಾಗ ಇದನ್ನು ಮುಚ್ಚಿಡಬಾರದು.

ಪರೀಕ್ಷೆಗೆ ಹೋಗುವವರಿಗೆ

ವೀರ್ಯಪರೀಕ್ಷೆಗೆ ಎರಡರಿಂದ ಏಳು ದಿನಗಳ ಬ್ರಹ್ಮಚರ್ಯ ಬೇಕು, ಅದಕ್ಕಿಂತ ಕಡಿಮೆಯೂ ಅಲ್ಲ, ಹೆಚ್ಚೂ ಅಲ್ಲ. ಮಾದರಿಯನ್ನು ಒಂದು ತಾಸಿನೊಳಗೆ, ಮೈಯ ಬಿಸಿ ಆರದಂತೆ, ಪ್ರಯೋಗಾಲಯಕ್ಕೆ ಮುಟ್ಟಿಸಬೇಕು. ಚಿಂಚೋಳಿಯಿಂದಲೋ ಸೇಡಂನ ಹಳ್ಳಿಗಳಿಂದಲೋ ಡಬ್ಬಿಯಲ್ಲಿ ಹಿಡಿದು ಬಸ್ಸಿನಲ್ಲಿ ಕಲಬುರಗಿಗೆ ಒಯ್ದರೆ ದಾರಿಯಲ್ಲಿಯೇ ಅವು ಸತ್ತು ವರದಿ ಸುಳ್ಳಾಗುತ್ತದೆ. ಆಸ್ಪತ್ರೆಯಲ್ಲಿಯೇ ಕೊಡಬೇಕು, ಅದಕ್ಕೆ ಪ್ರತ್ಯೇಕ ಕೋಣೆ ಇರುವಲ್ಲಿಗೆ ಹೋಗಬೇಕು. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯಂತೆ ಒಂದು ಮಿಲಿಲೀಟರಿಗೆ 1 ಕೋಟಿ 60 ಲಕ್ಷ ವೀರ್ಯಾಣುಗಳು ಕೆಳಗಿನ ಗೆರೆ. ನೂರರಲ್ಲಿ 42 ಆದರೂ ಚಲಿಸುತ್ತಿರಬೇಕು. ಗೆರೆಗಿಂತ ಕೆಳಗೆ ಬಂದವರಿಗೂ ಮಕ್ಕಳಾದದ್ದುಂಟು, ಮೇಲಿದ್ದವರಿಗೂ ಆಗದಿದ್ದದ್ದುಂಟು. ಒಂದೇ ವರದಿಯನ್ನು ನಂಬಿ ತೀರ್ಮಾನಕ್ಕೆ ಬರಬಾರದು. ವರದಿಯಲ್ಲಿ ವೀರ್ಯಾಣುಗಳೇ ಇಲ್ಲವೆಂದು ಬಂದರೆ ಪಥ್ಯಕ್ಕೆ ಕಾಯದೆ ತಜ್ಞರನ್ನು ಕಾಣಬೇಕು. ಪತ್ನಿಯ ವಯಸ್ಸು ಹೆಚ್ಚಿದ್ದರೂ ಅಷ್ಟೆ. ಪ್ರನಾಳ ಶಿಶು ಚಿಕಿತ್ಸೆಯ ಮಾತು ಬಂದರೆ ಆ ಕೇಂದ್ರವು 2021ರ ಕಾಯ್ದೆಯಂತೆ ನೋಂದಣಿಯಾಗಿದೆಯೇ ಎಂದು ಮೊದಲು ಕೇಳಿರಿ, ಹೊಲ ಒತ್ತೆಯಿಡುವ ಮುನ್ನ ಇನ್ನೊಬ್ಬ ವೈದ್ಯರ ಅಭಿಪ್ರಾಯವನ್ನೂ ಪಡೆಯಿರಿ.

ಸೇಡಂನ ಆ ತಾಯಿಯವರಿಗೆ ನಾವು ಬರೆದ ಉತ್ತರ ಚಿಕ್ಕದು. ಅಮ್ಮ, ಸೊಸೆಗೆ ಯಾವ ಔಷಧವೂ ಸದ್ಯಕ್ಕೆ ಬೇಡ. ಮುಂದಿನ ಸಲ ಕಲಬುರಗಿಗೆ ಹೋಗುವಾಗ ಮಗನನ್ನು ಕರೆದೊಯ್ಯಿರಿ, ಸೊಸೆ ಜೊತೆಗಿರಲಿ. ವರದಿ ಏನೇ ಬರಲಿ, ಮನೆಯ ಮುಂಜಾನೆಯ ತಟ್ಟೆಗೆ ರೊಟ್ಟಿ ಮರಳಲಿ. ಅವನೊಬ್ಬನಿಗಲ್ಲ, ಎಲ್ಲರಿಗೂ, ಒಬ್ಬನೇ ಪಥ್ಯ ಹಿಡಿದರೆ ನಡೆಯುವುದಿಲ್ಲ. ಪಾಳಿ ಮುಗಿಸಿ ಬಂದವನು ಊಟಕ್ಕೆ ಮುನ್ನ ಅರ್ಧ ತಾಸು ಬಿರುಸಾಗಿ ನಡೆಯಲಿ, ದಂಪತಿಗಳು ಕೂಡಿಯೇ ನಡೆಯಲಿ. ಮೃಗಶಿರಾ ಮಳೆಗೆ ಹೆಸರು ಬಿತ್ತುವ ಹೊತ್ತಿಗೆ ಆರಂಭಿಸಿದರೆ ಶ್ರಾವಣ ಮುಗಿಯುವ ಹೊತ್ತಿಗೆ ಎರಡನೆಯ ಪರೀಕ್ಷೆ ಮಾಡಿಸಿ ನಮಗೆ ಬರೆಯಿರಿ.